ಅಧಿಕ ಮುಖಬೆಲೆಯ ನೋಟುಗಳ ವಿರಳತೆ: ಒಂದು ಚಾರಿತ್ರಿಕ ವಿವೇಚನೆ

ಹಳೆಯ ನಾಣ್ಯ ಉಳಿದುಬರುವ ಬಗೆಗೂ ಹಳೆಯ ನೋಟು ಉಳಿದುಬರುವ ಬಗೆಗೂ ಮೂಲಭೂತವಾದ ವ್ಯತ್ಯಾಸವಿದೆ. ಚಲಾವಣೆ ತಪ್ಪಿದ ಚಿನ್ನ, ಬೆಳ್ಳಿಯ ನಾಣ್ಯಗಳು ಕಾಸಿನ ಸರವಾಗಿಯೋ ದೇವರ ಪೆಟ್ಟಿಗೆಯ ಕಾಣಿಕೆಯಾಗಿಯೋ ತಲೆಮಾರುಗಳನ್ನು ದಾಟಿವೆ. ನೋಟಿಗೆ ಅಂಥ ಎರಡನೆಯ ಬದುಕು ಇಲ್ಲ. ಅದರ ಬೆಲೆ ಇರುವುದು ಕಾಗದದಲ್ಲಲ್ಲ, ಅದರ ಮೇಲೆ ಮುದ್ರಿತವಾದ ವಾಗ್ದಾನದಲ್ಲಿ. ಭಾರತದ ಅಧಿಕ ಮುಖಬೆಲೆಯ ನೋಟುಗಳು ಸಂಗ್ರಾಹಕರಿಗೆ ದುರ್ಲಭವಾಗಿರುವುದನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕು 1938ರಲ್ಲಿ ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ 1,000 ಮತ್ತು 10,000 ರೂಪಾಯಿಗಳ ನೋಟುಗಳನ್ನು ಹೊರತಂದಿತು. ಯುದ್ಧಕಾಲದ ಕಾಳಸಂತೆಯ ಗಳಿಕೆಯನ್ನು ಬಯಲಿಗೆಳೆಯುವ ಉದ್ದೇಶದಿಂದ 1946ರ ಜನವರಿ 12ರ ಸುಗ್ರೀವಾಜ್ಞೆಯು ಇವನ್ನೂ 500 ರೂಪಾಯಿಯ ನೋಟನ್ನೂ ರದ್ದುಗೊಳಿಸಿತು. ಒಟ್ಟು 143.97 ಕೋಟಿ ರೂಪಾಯಿ ಮೌಲ್ಯದ ನೋಟುಗಳಲ್ಲಿ 134.9 ಕೋಟಿಯಷ್ಟು 1947ರ ಅಂತ್ಯದೊಳಗೆ ಬ್ಯಾಂಕಿಗೆ ಮರಳಿದವು. ಉಳಿದದ್ದು 9.07 ಕೋಟಿ ಮಾತ್ರ. ಮೊತ್ತ ದೊಡ್ಡದೆನಿಸಿದರೂ ಅವೆಲ್ಲವೂ ಸಾವಿರದ ನೋಟುಗಳೆಂದು ಎಣಿಸಿದರೆ ಸುಮಾರು 90,700 ಹಾಳೆಗಳಾಗುತ್ತವೆ. ಹತ್ತು ಸಾವಿರದವೆಂದರೆ ಕೇವಲ 9,070. ಅವುಗಳಲ್ಲಿ ಕಳೆದವು, ಸುಟ್ಟವು, ಹುಳು ತಿಂದವು ಎಷ್ಟೋ.

1954ರಲ್ಲಿ 1,000, 5,000 ಮತ್ತು 10,000 ರೂಪಾಯಿಗಳ ನೋಟುಗಳು ಮತ್ತೆ ಬಂದವು. ಸಾವಿರದ ನೋಟಿನ ಹಿಂಬದಿಯಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯವಿತ್ತು. ಐದು ಸಾವಿರದ ನೋಟಿನಲ್ಲಿ ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾ ಇತ್ತು. 1978ರ ಜನವರಿ 16ರಂದು ಮೊರಾರ್ಜಿ ದೇಸಾಯಿ ಅವರ ಸರ್ಕಾರವು ಇವನ್ನೂ ರದ್ದುಪಡಿಸಿತು. ಬದಲಾಯಿಸಿಕೊಳ್ಳಲು ಕೆಲವೇ ದಿನಗಳ ಅವಧಿಯಿತ್ತು. ಘೋಷಣಾ ಪತ್ರವೂ ಕಡ್ಡಾಯವಾಗಿತ್ತು. ಲೆಕ್ಕವಿದ್ದವನು ನೋಟನ್ನು ಹಿಂದಿರುಗಿಸಿದನು. ಲೆಕ್ಕವಿಲ್ಲದವನಿಗೆ ಅದನ್ನು ಇಟ್ಟುಕೊಳ್ಳುವುದೂ ಅಪಾಯವೆನಿಸಿತು. ಎರಡು ದಾರಿಯಲ್ಲಿಯೂ ನಷ್ಟವಾದದ್ದು ಚಾರಿತ್ರಿಕ ಆಕರವೇ.

ಹೀಗೆ ಈ ವಿರಳತೆಗೆ ಕಾರಣ ಕೇವಲ ಕಾಲದ ಸವಕಳಿಯಲ್ಲ, ಆಜ್ಞೆಯ ಯಶಸ್ಸು ಕೂಡ. ಸಣ್ಣ ನೋಟು ಬಹುಜನರ ಕೈಯಲ್ಲಿ ಸವೆದರೂ ಪುಸ್ತಕದ ನಡುವೆಯೋ ಅಕ್ಕಿಯ ಡಬ್ಬದಲ್ಲಿಯೋ ಮರೆತು ಉಳಿಯುತ್ತದೆ. ದೊಡ್ಡ ನೋಟನ್ನು ಮರೆಯುವಷ್ಟು ಸಿರಿವಂತಿಕೆ ಜನಸಾಮಾನ್ಯರಿಗಿರಲಿಲ್ಲ. ಅವರಲ್ಲಿ ಬಹುಪಾಲು ಮಂದಿ ಅದನ್ನು ಕಂಡದ್ದೂ ಇಲ್ಲ. 2016ರಲ್ಲಿ ರದ್ದಾದ ನೋಟುಗಳ ವಿಷಯದಲ್ಲಿ 2017ರ ಕಾಯಿದೆಯು ಸಾಮಾನ್ಯರಿಗೆ 10, ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕೆ 25 ನೋಟುಗಳನ್ನು ಇಟ್ಟುಕೊಳ್ಳಲು ಅವಕಾಶ ನೀಡಿತು. ಹಣವಾಗಿ ಸತ್ತ ಕಾಗದವು ದಾಖಲೆಯಾಗಿ ಬದುಕಬಲ್ಲದೆಂಬುದಕ್ಕೆ ಇಲ್ಲಿ ಮನ್ನಣೆ ದೊರೆತಿದೆ. 1946 ಮತ್ತು 1978ರ ನೋಟುಗಳಲ್ಲಿ ಉಳಿದಿರುವ ಕೆಲವನ್ನಾದರೂ ಕೇವಲ ಹರಾಜಿನ ಬೆಲೆಯಿಂದ ಅಳೆಯದೆ, ಸಾಮಾಜಿಕ ಚರಿತ್ರೆಯ ಆಕರಗಳೆಂದು ಪರಿಗಣಿಸುವುದು ಅಗತ್ಯ.