ಬೇಚಿರಾಕ್: ಮೇಲೂರು ಸೀಮೆಯಲ್ಲಿ ಹಾಳೂರನ್ನು ಓದುವ ಬಗೆ

ಕಂದಾಯ ದಾಖಲೆಯ ಗ್ರಾಮಪಟ್ಟಿಗಳಲ್ಲಿ ಕೆಲವು ಹೆಸರುಗಳ ಎದುರು ‘ಬೇಚಿರಾಕ್’ ಎಂದು ಬರೆದಿರುತ್ತದೆ. ಮೂಲ ಪಾರಸಿ, ಚಿರಾಗ್ ಎಂದರೆ ದೀಪ, ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಅಲ್ಲಿ ಒಕ್ಕಲಿಲ್ಲ. ಆದರೆ ಎಲ್ಲೆಯಿದೆ, ಸರ್ವೆ ನಂಬರಿದೆ, ಪಹಣಿಯೂ ಸಿಗುತ್ತದೆ. ಕನ್ನಡದಲ್ಲಿ ಇದು ಹಾಳೂರು. ಎರಡು ಮಾತೂ ಆಡುವ ಶಿಡ್ಲಘಟ್ಟ ಸೀಮೆಯಲ್ಲಿ ತೆಲುಗಿನ ಪಾಡೂರು ಕೂಡ ಅದೇ. ಈ ಸೀಮೆಯಲ್ಲಿ ಮೇಲೂರು ಎಂಬ ಊರು ಇದ್ದ ಮೇಲೆ ಕೆಳಗೊಂದು ಹಾಳೂರು ಇದ್ದಿರಬೇಕೆಂಬ ಊಹೆ ಸುಲಭವಾಗಿ ಹುಟ್ಟುತ್ತದೆ. ಆದರೆ ಬರೀ ಹೆಸರನ್ನು ನಂಬಿ ಗುದ್ದಲಿ ಎತ್ತಬಾರದು.

ಊರು ಹಾಳಾದದ್ದಕ್ಕೆ ಕಾರಣ ಕೇಳಿದರೆ ಮೊದಲು ಬರುವ ಉತ್ತರ 1876–78ರ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಅದಕ್ಕೂ ಹಿಂದೆ ದಂಡುಗಳು ಈ ನೆಲವನ್ನು ತುಳಿದಿದ್ದವು: 1762ರಲ್ಲಿ ಹೈದರಾಲಿ ಚಿಕ್ಕಬಳ್ಳಾಪುರವನ್ನು ಗೆದ್ದ, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. 1898ರಿಂದ ಪ್ಲೇಗು. ಇವೆಲ್ಲ ನಿಜವೇ. ಆದರೆ ಬರ ಮನೆಗಳನ್ನು ಬರಿದುಮಾಡುತ್ತದೆ. ನೀರಿರುವ ಊರಿಗೆ ಮತ್ತೆ ಜನ ಬರುತ್ತಾರೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಊರಿನ ಆಯಸ್ಸು ಕೆರೆಯ ಆಯಸ್ಸು. ಕೆರೆ ಕಟ್ಟಿದವನಿಗೆ ಶಾಸನಗಳಲ್ಲಿ ಕಟ್ಟುಕೊಡಗೆಯಾಗಿ ಭೂಮಿ ಬಿಟ್ಟದ್ದು ಸುಮ್ಮನೆ ಅಲ್ಲ. ಆದ್ದರಿಂದ ಹಾಳೂರಿನಲ್ಲಿ ಮೊದಲು ನೋಡಬೇಕಾದದ್ದು ಮನೆಯ ಅಡಿಪಾಯವನ್ನಲ್ಲ. ಒಡೆದ ಏರಿಯನ್ನು, ಹೂಳು ತುಂಬಿದ ತೂಬನ್ನು.

ಆಮೇಲೆ ಕರುಗಲ್ಲು. ಊರು ಕಟ್ಟುವಾಗ ನೆಟ್ಟು ಪೂಜಿಸುವ ಈ ಕಲ್ಲು ನಿಂತಲ್ಲೇ ಸಿಕ್ಕರೆ ವಸತಿಯ ನಡುಭಾಗ ಗೊತ್ತಾಗುತ್ತದೆ. ಕುಸಿದ ಹಗೇವುಗಳು, ಅಂದರೆ ನೆಲದೊಳಗಿನ ಕಾಳಿನ ಗುಂಡಿಗಳು, ಧಾನ್ಯವಿದ್ದ ಮನೆಗಳನ್ನು ತೋರಿಸುತ್ತವೆ. ಒರಳುಕಲ್ಲಿನ ಸಾಕ್ಷ್ಯ ಅಷ್ಟು ಗಟ್ಟಿಯಲ್ಲ: ಹೊರಲಾರದ್ದು ಉಳಿಯುತ್ತದೆ, ಹೊರಬಲ್ಲದ್ದು ಹೊಸ ಊರಿಗೆ ಹೋಗುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್ ಹಳ್ಳಿಗಳ ಮಣ್ಣುಗೋಡೆಗಳ ಬಗ್ಗೆ ಬರೆದಿದ್ದಾನೆ. ಅಂಥ ಗೋಡೆ ಕರಗಿ ಇಂದು ಹೊಲದ ಬದುವಿನಂತೆ ಕಾಣಬಹುದು. ಮೇಲ್ಮಣ್ಣಿನಲ್ಲಿ ಮಂಗಳೂರು ಹೆಂಚಿನ ಚೂರು ಹುದುಗಿದ್ದರೆ ಜಾಗ್ರತೆ: ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ, ಚೂರು ಅದಕ್ಕಿಂತ ಹಳೆಯದಾಗಲಾರದು. ಆನೆಯ ಗುರುತಿನ ತಾಮ್ರದ ಕಾಸೆಲ್ಲ ಟಿಪ್ಪುವಿನದೆಂದು ಬರೆಯುವ ಅವಸರವೂ ಬೇಡ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆಯಿದೆ.

ತೊಡಕಿರುವುದು ಮಣ್ಣಿನಲ್ಲೇ. ತಲೆಮಾರುಗಳ ಬೂದಿ, ಗಂಜಲ, ಸಗಣಿ ಕುಡಿದ ಹಾಳೂರಿನ ಮಣ್ಣು ಒಳ್ಳೆಯ ಗೊಬ್ಬರ. ತೆಲುಗಿನವರು ಪಾಟಿಮನ್ನು ಎಂದು ಕರೆದು ಗಾಡಿಗಟ್ಟಲೆ ಹೊಲಕ್ಕೆ ಹೊಡೆದರು. ಇದೇ ಮಣ್ಣನ್ನು ಸೋಸಿ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಹೀಗಾಗಿ ಪದರಗಳ ಕ್ರಮ ಕೆಟ್ಟು, ಒಂದೂರಿನ ಮಡಕೆಚೂರು ಇನ್ನೊಂದೂರಿನ ಗದ್ದೆಯಲ್ಲಿ ಸಿಗುತ್ತದೆ. ಹೊಲದಲ್ಲಿ ಚೆಲ್ಲಿದ ಚೂರನ್ನು ಎಣಿಸಿ ‘ಇಲ್ಲಿ ವಸತಿಯಿತ್ತು’ ಎನ್ನುವ ಸಮೀಕ್ಷಾ ವರದಿಗಳನ್ನು ನಾನು ಒಪ್ಪುವುದಿಲ್ಲ. ಚೂರಿನ ಜೊತೆಗೆ ಕದಲದ ಏನಾದರೊಂದು ಇರಬೇಕು: ಕರುಗಲ್ಲು, ಬಾವಿ, ತೂಬು ಅಥವಾ ಗುಡಿ. ಊರು ಬಿಟ್ಟವರು ಹಳೆಯ ದೇವರಿಗೆ ವರ್ಷಕ್ಕೊಮ್ಮೆ ಬಂದು ಆರತಿ ಬೆಳಗುವ ರೂಢಿ ಹಲವೆಡೆ ಇದೆ. ಅವರು ಯಾವ ಊರಿನಿಂದ ಬರುತ್ತಾರೆ ಎಂದು ಕೇಳಿ ಬರೆದುಕೊಂಡರೆ ಜನ ಚದುರಿದ ದಾರಿ ತಿಳಿಯುತ್ತದೆ. ದಾಖಲೆಯ ಬೇಚಿರಾಕ್ ಊರಿನಲ್ಲಿ ಆ ಒಂದು ದಿನ ದೀಪವಿರುತ್ತದೆ.