ಕಡಲುಗಳ್ಳತನದ ಕರಾರುಪತ್ರ

ಕಾಗವಾಡ, ಅಥಣಿ, ಚಿಕ್ಕೋಡಿಗಳ ಸೀಮೆಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯೇ ಅಡ್ಡಲಾಗಿದೆ. ಆದರೂ ಕಡಲಿನಲ್ಲಿ ನಡೆದ ಸುಲಿಗೆಯನ್ನು ನಿಲ್ಲಿಸಲೆಂದು ಬರೆದ ಪತ್ರವೊಂದರಲ್ಲಿ ಚಿಕ್ಕೋಡಿಯ ಹೆಸರು ಸೇರಿಹೋಗಿದೆ. ಅದು 1812ರಲ್ಲಿ ಕೊಲ್ಲಾಪುರ ಸಂಸ್ಥಾನಕ್ಕೂ ಇಂಗ್ಲಿಷ್ ಕಂಪನಿಗೂ ಆದ ತಹನಾಮೆ.

ಕೊಂಕಣದ ಮಾಲವಣ ಬಂದರವೂ ಅದರೆದುರಿನ ಸಿಂಧುದುರ್ಗವೂ ಕೊಲ್ಲಾಪುರದವರ ವಶದಲ್ಲಿದ್ದವು. ಅಲ್ಲಿಂದ ಹೊರಟ ನಾವೆಗಳು ವರ್ತಕರ ಹಡಗುಗಳನ್ನು ಅಡ್ಡಗಟ್ಟಿ ಸರಕನ್ನು ಸೆಳೆದುಕೊಳ್ಳುತ್ತಿದ್ದವು. ಇಂಗ್ಲಿಷರ ಬರೆಹಗಳಲ್ಲಿ ಮಾಲವಣದವರೆಂದರೆ ಕಡಲುಗಳ್ಳರೆಂದೇ ಅರ್ಥವಾಗಿತ್ತು. ಇದು ದಾರಿಗಳ್ಳರ ಕೆಲಸದಂತಲ್ಲ. ಕೋಟೆ, ಬಂದರ, ದರಬಾರುಗಳ ಆಸರೆಯುಳ್ಳ ವ್ಯವಹಾರ.

1765ರಲ್ಲಿ ಕಂಪನಿಯು ಸಿಂಧುದುರ್ಗವನ್ನು ಗೆದ್ದು, ಅದಕ್ಕೆ ಫೋರ್ಟ್ ಆಗಸ್ಟಸ್ ಎಂದು ಹೆಸರಿಟ್ಟಿತು. ಮರುವರ್ಷ, ಜೀಜಾಬಾಯಿ ರಾಣಿಯು ರಾಜ್ಯಭಾರ ನಡೆಸುತ್ತಿದ್ದಾಗ, ಒಪ್ಪಂದವಾಯಿತು. ಕೊಲ್ಲಾಪುರವು ಹಣ ತೆರಬೇಕು, ಹಡಗುಗಳನ್ನು ಕಾಡಬಾರದು; ಕಂಪನಿಯು ಕೋಟೆಯನ್ನು ಮರಳಿಸಬೇಕು. ಕೋಟೆ ಮರಳಿತು, ಮಾತು ಉಳಿಯಲಿಲ್ಲ. 1792ರಲ್ಲಿ ಎರಡನೆಯ ಪತ್ರವಾಯಿತು. 1785ರಿಂದೀಚೆಗೆ ವರ್ತಕರಿಗಾದ ನಷ್ಟವನ್ನು ತುಂಬಿಕೊಡುವುದೆಂದೂ, ಮಾಲವಣ, ಕೊಲ್ಲಾಪುರಗಳಲ್ಲಿ ಕಂಪನಿಯ ಕೋಠಿಗಳಿಗೆ ಎಡೆಗೊಡುವುದೆಂದೂ ದರಬಾರು ಒಪ್ಪಿತು. ಸುಲಿದವರೂ ಸುಲಿಗೆಗೊಳಗಾದವರೂ ಕುಳಿತು ಜಮಾಖರ್ಚು ನೋಡಿಕೊಂಡಂತಾಯಿತು. ಆದರೂ ಸುಲಿಗೆ ನಿಲ್ಲಲಿಲ್ಲ.

ಮರಾಠಿ ರಾಜಪತ್ರಗಳಲ್ಲಿ ಅರಸನ ಸಹಿಯ ಬದಲು ಮೇಲೆ ಶಿಕ್ಕೆಯನ್ನೂ ಕೊನೆಗೆ ಮೋರ್ತಬವನ್ನೂ ಒತ್ತುವ ರೂಢಿಯಿತ್ತು. ಬರೆಹವು ಇಲ್ಲಿಗೆ ಮುಗಿಯಿತೆಂಬುದಕ್ಕೆ ಈ ಕಡೆಯ ಮುದ್ರೆಯೇ ಸಾಕ್ಷಿ. ಮುದ್ರೆಯು ಅಕ್ಷರಗಳನ್ನು ಕಾಯಬಲ್ಲುದು. ಕೊಟ್ಟ ಮಾತನ್ನು ಕಾಯುವ ಬಲವು ಅದಕ್ಕೆಲ್ಲಿಯದು?

1812ರಲ್ಲಿ ಕಂಪನಿಯು ಮಾತನ್ನಷ್ಟೇ ನೆಚ್ಚದೆ ಮಾಲವಣ ಬಂದರವನ್ನೇ ತೆಗೆದುಕೊಂಡಿತು. ಸರಕನ್ನು ಕಸಿದವರು ಕಳ್ಳರೆನಿಸಿದರು. ಬಂದರವನ್ನೇ ಪಡೆದವರು ದೊರೆಗಳಾದರು. ಅದೇ ಪತ್ರದಲ್ಲಿ ಚಿಕ್ಕೋಡಿ, ಮುನವಳ್ಳಿಗಳ ಮೇಲಿನ ಹಕ್ಕನ್ನೂ ಕೊಲ್ಲಾಪುರವು ಬಿಟ್ಟುಕೊಟ್ಟಿತು. ಯುದ್ಧದಲ್ಲಿ ಅವನ್ನು ನಿಪ್ಪಾಣಿಯ ಅಪ್ಪಾ ದೇಸಾಯಿಯು ಮೊದಲೇ ಹಿಡಿದಿದ್ದನು. ಇದಕ್ಕೆ ಪ್ರತಿಯಾಗಿ ಪರರ ದಾಳಿಯಿಂದ ರಕ್ಷಿಸುವೆವೆಂಬ ಅಭಯವನ್ನು ಕಂಪನಿಯು ಕೊಟ್ಟಿತು.

1817-18ರ ಯುದ್ಧದಲ್ಲಿ ಕೊಲ್ಲಾಪುರವು ಪೇಶವೆಯ ವಿರುದ್ಧ ಕಂಪನಿಯ ಪಕ್ಷ ವಹಿಸಿತು. ಆ ಎರಡು ಸೀಮೆಗಳೂ ಬಹುಮಾನವಾಗಿ ಮರಳಿದವು. 1827ರ ತಹನಾಮೆಯಿಂದ ಅವು ಮತ್ತೆ ಕೈಬಿಟ್ಟವು. ಹೀಗೆ ಹದಿನೈದು ವರ್ಷಗಳಲ್ಲಿ ಮೂರು ಸಲ ಚಿಕ್ಕೋಡಿಯ ಹಕ್ಕು ಕೈಯಿಂದ ಕೈಗೆ ಹೋಯಿತು. ವರ್ತಕರ ನಷ್ಟವನ್ನು ಲೆಕ್ಕ ಹಾಕಿದ್ದುಂಟು. ದರಬಾರುಗಳ ಹಕ್ಕುಗಳನ್ನು ತೂಗಿದ್ದುಂಟು. ಆ ಹೊಲಗಳನ್ನು ಉತ್ತು ಕಂದಾಯ ತೆರುತ್ತಿದ್ದ ರೈತನನ್ನು ಮಾತ್ರ ಯಾವ ತಹನಾಮೆಯ ವೇಳೆಯಲ್ಲಿಯೂ ಯಾರೂ ಕೇಳಲಿಲ್ಲ.