ಶೂರ್ಪನಖಿಯ ಮೂಗು

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹೆಸರು ಬರೆಯುವುದಿಲ್ಲ, 1996ರ ಎಸ್ಸೆಸ್ಸೆಲ್ಸಿ ತಂಡದವರಿಗೆ ಬರೆಯದೆಯೂ ತಿಳಿದೀತು. ಬಹಳ ವರ್ಷಗಳಿಂದ ಬೆಂಗಳೂರಿನಲ್ಲಿದ್ದು ಧಾರಾವಾಹಿಗಳಲ್ಲಿ ಅಭಿನಯಿಸುತ್ತಾಳೆ. ಮೊದಲು ನಾಯಕಿಯ ಗೆಳತಿಯಾಗಿದ್ದಳು, ಆಮೇಲೆ ಅಕ್ಕನಾದಳು, ಈಗ ಅತ್ತೆಯಾಗಿದ್ದಾಳೆ. ಕಾಫಿ ಕುಡಿದು ಲೋಟ ಕೆಳಗಿಟ್ಟವಳೇ ಕೇಳಿದಳು: "ಮೇಷ್ಟ್ರೇ, ಮೂಗನ್ನು ಸ್ವಲ್ಪ ಸರಿ ಮಾಡಿಸಿಕೊಳ್ಳೋಣ ಅಂತ ಯೋಚನೆ ಮಾಡ್ತಾ ಇದ್ದೇನೆ. ನೀವೇನಂತೀರಿ?"

ನಾನು ಸಮಾಜ ವಿಜ್ಞಾನದ ಮೇಷ್ಟ್ರು, ವೈದ್ಯನಲ್ಲ. ಆದರೂ ಕೇಳಿದಳು. ಅವಳ ಮೂಗಿಗೂ ನನಗೂ ಒಂದು ಹಳೆಯ ಲೆಕ್ಕವಿದೆ, ಅದನ್ನು ಮುಂದೆ ಹೇಳುತ್ತೇನೆ. ಆ ದಿನ ನನಗೆ ಉತ್ತರ ತಿಳಿಯಲಿಲ್ಲ. ಉತ್ತರ ತಿಳಿಯದಾಗ ಮೇಷ್ಟ್ರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ: ಇತಿಹಾಸ ಹೇಳತೊಡಗಿದೆ.

ನಟರ ಮುಖದ ಬಣ್ಣದ ಚರಿತ್ರೆಯೆಂದರೆ ಬಹುಮಟ್ಟಿಗೆ ದೀಪಗಳ ಚರಿತ್ರೆ. ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಗದ್ದೆ ಬಯಲಿನಲ್ಲಿ ಮೇಳದ ಆಟಗಳಾಗುತ್ತಿದ್ದವು. ಆಟಕ್ಕಿಂತ ಚೌಕಿಯನ್ನು ಇಣುಕಿ ನೋಡುವುದೇ ನನಗೆ ಹೆಚ್ಚು ಇಷ್ಟವಾಗಿತ್ತು. ವೇಷಧಾರಿಗಳು ಕೈಗನ್ನಡಿ ಹಿಡಿದು ಕುಳಿತು, ಕೊಬ್ಬರಿ ಎಣ್ಣೆಯಲ್ಲಿ ಬಣ್ಣಗಳನ್ನು ಕಲಸುತ್ತಿದ್ದರು. ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ರಾಕ್ಷಸ ವೇಷದವರು ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ಇಟ್ಟುಕೊಳ್ಳುತ್ತ ಗಂಟೆಗಟ್ಟಲೆ ಅಲುಗಾಡದೆ ಕೂರುತ್ತಿದ್ದರು. ಹಗಲಿನಲ್ಲಿ ನೋಡಿದರೆ ಅತಿಯೆನಿಸುವ ಈ ಬಣ್ಣಗಳು ಹುಟ್ಟಿದ್ದು ದೊಂದಿಯ ಬೆಳಕಿಗಾಗಿ. ಹೊಯ್ದಾಡುವ ಮಂದ ಬೆಳಕಿನಲ್ಲಿ, ನೂರು ಮಾರು ದೂರದಲ್ಲಿ ಚಾಪೆ ಹಾಸಿಕೊಂಡು ಕೂತವನಿಗೂ ರಾವಣನ ಹುಬ್ಬು ಕಾಣಬೇಕಿತ್ತಲ್ಲ! ಅರದಾಳವು ಪಾಷಾಣದ ಸಂಯುಕ್ತ, ಇಂಗಳೀಕವು ಪಾದರಸದ್ದು ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಮುಖದ ತುಂಬ ವಿಷ ಬಳಿದುಕೊಂಡೇ ಅವರು ಬೆಳಗಿನವರೆಗೆ ಕುಣಿಯುತ್ತಿದ್ದರು.

ಯುರೋಪಿನ ರಂಗಭೂಮಿಯ ಪಾಡೂ ಬೇರೆಯಾಗಿರಲಿಲ್ಲ. ಅಲ್ಲಿ ಮುಖಕ್ಕೆ ಬಳಿಯುತ್ತಿದ್ದುದು ಸೀಸದ ಬಿಳಿ. 1870ರ ದಶಕದಲ್ಲಿ ಜರ್ಮನಿಯ ಗಾಯಕ ಲುಡ್ವಿಗ್ ಲೈಶ್ನರ್ ಸೀಸವಿಲ್ಲದ ಜಿಡ್ಡುಬಣ್ಣದ ಕಡ್ಡಿಗಳನ್ನು ತಯಾರಿಸಿ ಮಾರತೊಡಗಿದ ಮೇಲೆ ನಟರ ಚರ್ಮಕ್ಕೆ ಸ್ವಲ್ಪ ನೆಮ್ಮದಿ ದೊರೆಯಿತು.

ಸಿನಿಮಾ ಬಂದಾಗ ಮತ್ತೊಂದು ಪೇಚು. ಆರಂಭದ ಫಿಲಂಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪಗಿದ್ದುದೆಲ್ಲ ಕಪ್ಪಗೆ ಮೂಡುತ್ತಿತ್ತು. ರಂಗಭೂಮಿಯ ದಪ್ಪ ಬಣ್ಣವೋ ಹತ್ತಿರದ ಚಿತ್ರಣದಲ್ಲಿ ಬಿರುಕು ಬಿಟ್ಟ ಗೋಡೆಯಂತೆ ಕಾಣುತ್ತಿತ್ತು. ಪೋಲೆಂಡಿನಿಂದ 1904ರಲ್ಲಿ ಅಮೆರಿಕಕ್ಕೆ ಬಂದ, ಟೋಪನ್ ಕಟ್ಟುವ ಕಸುಬಿನ ಮ್ಯಾಕ್ಸ್ ಫ್ಯಾಕ್ಟರ್ ಎಂಬಾತ 1914ರಲ್ಲಿ ಸಿನಿಮಾಕ್ಕೆಂದೇ ತೆಳುವಾದ, ಬಿರುಕು ಬಿಡದ ಬಣ್ಣವನ್ನು ಸಿದ್ಧಪಡಿಸಿದ. ಮಾತಿನ ಚಿತ್ರಗಳು ಬಂದಾಗ ಗುಂಯ್‌ಗುಡುವ ಆರ್ಕ್ ದೀಪಗಳು ಹೋಗಿ ಟಂಗ್‌ಸ್ಟನ್ ಬಲ್ಬುಗಳು ಬಂದವು, ಫಿಲಂ ಕೂಡ ಬದಲಾಯಿತು. 1928ರಲ್ಲಿ ಆತನೂ ಬಣ್ಣಗಳನ್ನು ಬದಲಾಯಿಸಿದ. ಟೆಕ್ನಿಕಲರ್ ಚಿತ್ರಗಳಿಗಾಗಿ 1937ರ ಸುಮಾರಿಗೆ ಒದ್ದೆ ಸ್ಪಂಜಿನಿಂದ ಹಚ್ಚುವ ಬಿಲ್ಲೆಯನ್ನು ತಂದ. ಅದೇ 'ಪ್ಯಾನ್‌ಕೇಕ್'. ಮದ್ರಾಸಿನ ಜೆಮಿನಿ ಸ್ಟುಡಿಯೋ ಅದನ್ನು ಲಾರಿಗಟ್ಟಲೆ ಕೊಳ್ಳುತ್ತಿತ್ತೆಂದು ಅಲ್ಲಿ ದುಡಿದಿದ್ದ ತಮಿಳು ಲೇಖಕ ಅಶೋಕಮಿತ್ರನ್ ಬರೆದಿದ್ದಾರೆ. ನಮ್ಮ ಶಾಲಾ ವಾರ್ಷಿಕೋತ್ಸವಗಳಿಗೆ ಪೇಟೆಯಿಂದ ಬರುತ್ತಿದ್ದ ಬಣ್ಣದವರ ತಗಡಿನ ಪೆಟ್ಟಿಗೆಯಲ್ಲೂ ಅದೇ ಇರುತ್ತಿತ್ತು.

ಟೆಲಿವಿಷನ್ನಿನ ಮೊದಲ ದಿನಗಳಲ್ಲಿ ನಟಿಯರು ತುಟಿಗೆ ಕಪ್ಪು ಇಲ್ಲವೇ ನೀಲಿ ಬಣ್ಣ ಹಚ್ಚಿಕೊಳ್ಳಬೇಕಾಗಿತ್ತೆಂದರೆ ಈಗಿನವರು ನಗುತ್ತಾರೆ. ನಮ್ಮಲ್ಲಿ ದೂರದರ್ಶನ ಆರಂಭವಾದದ್ದು 1959ರಲ್ಲಿ, ಬಣ್ಣ ಬಂದದ್ದು 1982ರಲ್ಲಿ, 'ಹಮ್ ಲೋಗ್' ಬಂದದ್ದು 1984ರಲ್ಲಿ. ಆಗಿನ ಚಿತ್ರಕ್ಕೆ 625 ಗೆರೆಗಳು. ಆ ಮಸುಕು ನಟರ ಪಾಲಿಗೆ ದೊಡ್ಡ ಉಪಕಾರವಾಗಿತ್ತು: ಮೊಡವೆಯ ಕಲೆ, ಕಣ್ಣಿನ ಕೆಳಗಿನ ಗೆರೆ ಎಲ್ಲವೂ ಅದರಲ್ಲಿ ಮುಳುಗಿ ಹೋಗುತ್ತಿದ್ದವು. ಈಗ 1080 ಗೆರೆಗಳ ಎಚ್‌ಡಿ. "ಕ್ಯಾಮೆರಾ ಈಗ ನಮ್ಮ ಚರ್ಮದ ರಂಧ್ರ ಎಣಿಸುತ್ತೆ ಮೇಷ್ಟ್ರೇ" ಎಂದಳು ನನ್ನ ಶಿಷ್ಯೆ. ದಪ್ಪಗೆ ಬಳಿದರೆ ಬಣ್ಣವೇ ಕಾಣುತ್ತದೆ, ತೆಳ್ಳಗೆ ಬಳಿದರೆ ವಯಸ್ಸು ಕಾಣುತ್ತದೆ. ಬಣ್ಣದಿಂದ ಆಗದ್ದನ್ನು ಕತ್ತಿಯಿಂದ ಮಾಡಿಸುವ ಆಲೋಚನೆ ಹುಟ್ಟುವುದು ಇಲ್ಲಿಯೇ. ನಿನ್ನ ಮೂಗಿನ ನೆರಳು ಕೆನ್ನೆಗೆ ಬೀಳುತ್ತಿದೆ, ಸ್ವಲ್ಪ ಚೂಪು ಮಾಡಿಸಿಕೋ ಎಂದು ಸೆಟ್ಟಿನಲ್ಲಿ ಯಾರೋ ಹೇಳಿದ್ದರಂತೆ.

ಮೂಗು ಕಟ್ಟುವ ವಿದ್ಯೆ ನಮ್ಮದೇ. ಕೆನ್ನೆಯ ಚರ್ಮವನ್ನು ಎಲೆಯ ಅಳತೆಗೆ ಕೊಯ್ದು ಮೂಗಿಗೆ ಕೂಡಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ಇದು ಅನೇಕರಿಗೆ ಗೊತ್ತು. ಗೊತ್ತಿಲ್ಲದ ಕಥೆ ನಮ್ಮ ಶ್ರೀರಂಗಪಟ್ಟಣದ್ದು. ಮೂರನೆಯ ಮೈಸೂರು ಯುದ್ಧವನ್ನು ನಾನು ದಶಕಗಳ ಕಾಲ ಪಾಠ ಮಾಡಿದೆ; 1792ರ ಒಪ್ಪಂದ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ, ಒತ್ತೆಯಿಟ್ಟ ರಾಜಕುಮಾರರು, ಎಲ್ಲವನ್ನೂ ಬಾಯಿಪಾಠ ಮಾಡಿಸಿದೆ. ಕವಾಸ್‌ಜಿಯ ಹೆಸರು ಮಾತ್ರ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಆತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವವನು. ಆ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದಷ್ಟು ಕಾಲ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಹೊಸ ಮೂಗು ಕಟ್ಟಿದ. ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು ಮಾಡಿ, ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಹುಬ್ಬುಗಳ ನಡುವೆ ಒಂದು ಎಳೆಯನ್ನು ಬಿಟ್ಟು ಉಳಿದ ಚರ್ಮವನ್ನು ಸುಲಿದು, ಕೆಳಕ್ಕೆ ಮಡಿಚಿ ಕೂಡಿಸಿದ. ಅಂಟಿಗೆ ಬಳಸಿದ್ದು ನಾವು ಎಲೆಯಡಿಕೆಗೆ ಹಾಕುವ ಕಾಚು! ಇದನ್ನು ಇಬ್ಬರು ಆಂಗ್ಲ ವೈದ್ಯರು ಕಣ್ಣಾರೆ ಕಂಡರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಝೀನ್' ಪತ್ರಿಕೆಯಲ್ಲಿ ಚಿತ್ರಸಹಿತ ವರದಿ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಒಬ್ಬ ಸೈನಿಕಾಧಿಕಾರಿಗೆ ಇದೇ ರೀತಿ ಮೂಗು ಕಟ್ಟಿದ. ಮೂಗು ಕಟ್ಟಿಕೊಟ್ಟ ಪುಣೆಯ ಆ ಪುಣ್ಯಾತ್ಮನ ಹೆಸರನ್ನು ವರದಿಯಲ್ಲಿ ಬರೆಯಲಿಲ್ಲ.

ಅವಳು ಗಮನವಿಟ್ಟು ಕೇಳಿದಳು. ಆಮೇಲೆ, "ಅವನಿಗೆ ಮೂಗೇ ಇರಲಿಲ್ಲವಲ್ಲ ಮೇಷ್ಟ್ರೇ" ಎಂದಳು.

ನಿಜ. ಇಲ್ಲದ ಮೂಗನ್ನು ಕಟ್ಟುವುದು ಬೇರೆ, ಇದ್ದ ಮೂಗನ್ನು ತಿದ್ದುವುದು ಬೇರೆ. 1898ರಲ್ಲಿ ಬರ್ಲಿನ್ನಿನ ಜಾಕ್ ಜೋಸೆಫ್ ಎಂಬ ವೈದ್ಯ, ದೊಡ್ಡ ಮೂಗಿನಿಂದಾಗಿ ನಾಲ್ಕು ಜನರೆದುರು ಬರಲು ನಾಚುತ್ತಿದ್ದವನೊಬ್ಬನ ಮೂಗನ್ನು ಕಿರಿದು ಮಾಡಿದ ಮೇಲೆ ಎರಡನೆಯದಕ್ಕೂ ದಾರಿಯಾಯಿತು. ಧಾರಾವಾಹಿಗಳ ಲೋಕದಲ್ಲಂತೂ ಇದು ಕಥೆಗೇ ವಸ್ತುವಾಗಿದೆ. ಅಮೆರಿಕದ 'ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್' ಧಾರಾವಾಹಿಯಲ್ಲಿ ಸಿರಿವಂತ ವಿಧವೆಯ ಪಾತ್ರ ಮಾಡುತ್ತಿದ್ದ, ಐವತ್ತು ದಾಟಿದ್ದ ಜೀನ್ ಕೂಪರ್ 1984ರಲ್ಲಿ ಮುಖದ ಸುಕ್ಕು ಬಿಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕಥೆಗಾರರು ಅದನ್ನು ಮುಚ್ಚಿಡಲಿಲ್ಲ. ಪಾತ್ರಕ್ಕೂ ಅದೇ ಚಿಕಿತ್ಸೆ ಮಾಡಿಸಿ, ನಿಜವಾದ ಶಸ್ತ್ರಕ್ರಿಯೆಯ ದೃಶ್ಯಗಳನ್ನೇ ಪ್ರಸಾರ ಮಾಡಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ನಮ್ಮ ಧಾರಾವಾಹಿಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ಬರುವುದು ನಟ ಕೈಕೊಟ್ಟಾಗ! ಅಪಘಾತವಾಗಿ, ಮುಖಕ್ಕೆ ಬಟ್ಟೆ ಸುತ್ತಿ, ಬಿಚ್ಚಿದಾಗ ಬೇರೊಬ್ಬ ನಟ ಪ್ರತ್ಯಕ್ಷ. ಮನೆಯವರೆಲ್ಲ ಎರಡು ಕಂತಿನಲ್ಲಿ ಒಗ್ಗಿಕೊಳ್ಳುತ್ತಾರೆ.

ಆದರೆ ನಗುವ ವಿಷಯ ಮಾತ್ರವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಹೋದ 21 ವರ್ಷದ ಕನ್ನಡ ಕಿರುತೆರೆಯ ನಟಿ ಮನೆಗೆ ಮರಳಲಿಲ್ಲ. ತಂದೆತಾಯಿಗೂ ಹೇಳದೆ ಹೋಗಿದ್ದಳೆಂದು ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ಶಿಷ್ಯೆ ಈ ಸುದ್ದಿಯನ್ನು ತಾನಾಗಿಯೇ ಎತ್ತಿದಳು. "ಅದಕ್ಕೇ ಯಾರಿಗಾದರೂ ಹೇಳಿಯೇ ಹೋಗೋಣ ಅಂತ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈಗ ಹಳೆಯ ಲೆಕ್ಕದ ಮಾತು. 1995ರ ವಾರ್ಷಿಕೋತ್ಸವಕ್ಕೆ ನಾನೇ ಬರೆದ 'ಪಂಚವಟಿ' ನಾಟಕ. ಆ ವರ್ಷ ಬಣ್ಣದವರು ಬರಲಿಲ್ಲವೆಂದು ನಾನೇ ಬಣ್ಣ ಹಚ್ಚಿದೆ. ತರಗತಿಯಲ್ಲಿ ಬೆಳ್ಳಗಿದ್ದ ಹುಡುಗಿಗೆ ಸೀತೆ. ಕಪ್ಪಗಿದ್ದು ಮೂಗು ಸ್ವಲ್ಪ ಅಗಲವಿದ್ದ ಇವಳಿಗೆ ಶೂರ್ಪನಖಿ. ಒಂದು ನಿಮಿಷವೂ ಯೋಚಿಸಲಿಲ್ಲ. ಬೆಳ್ಳಗಿದ್ದವಳಿಗೆ ಮತ್ತಷ್ಟು ಸಫೇದ, ಕಪ್ಪಗಿದ್ದವಳಿಗೆ ಮತ್ತಷ್ಟು ಕಾಡಿಗೆ. ಸೀತೆ ರಂಗದ ಮೇಲೆ ಮಾತು ಮರೆತು ನಿಂತಳು. ಶೂರ್ಪನಖಿಗೆ ಇಡೀ ಊರು ಚಪ್ಪಾಳೆ ತಟ್ಟಿತು. ಚಪ್ಪಾಳೆಯಷ್ಟೇ ನನ್ನ ನೆನಪಿನಲ್ಲಿ ಉಳಿದಿತ್ತು. ಮುಂದಿನ ವರ್ಷವಿಡೀ ಹುಡುಗರು ಅವಳನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರೆಂದು ಅವಳು ಈಗ, ಮೂವತ್ತು ವರ್ಷಗಳ ತರುವಾಯ, ಕಾಫಿ ಲೋಟ ತಿರುಗಿಸುತ್ತ ಹೇಳಿದಳು. ದೂರಿನ ದನಿಯಿರಲಿಲ್ಲ. "ನನ್ನ ಮೂಗು ಮೊದಲು ಕೊಯ್ಸಿದ್ದು ನೀವೇ ಅಲ್ವಾ ಮೇಷ್ಟ್ರೇ, ಅದಕ್ಕೇ ನಿಮ್ಮನ್ನೇ ಕೇಳೋಣ ಅಂತ ಬಂದೆ."

"ತಪ್ಪಾಯಿತಮ್ಮ" ಎಂದೆ. ಶಿಷ್ಯರಿಗೆ ಆ ಮಾತು ಹೇಳಿ ನನಗೆ ಅಭ್ಯಾಸವಿಲ್ಲ. ಮೂಗಿನ ವಿಷಯದಲ್ಲಿ ಬೇಡವೆನ್ನಲು ನಾನು ಯಾರು? ಅಷ್ಟಾಗಿಯೂ ಇಬ್ಬರು ವೈದ್ಯರನ್ನು ಕೇಳು, ಅರಿವಳಿಕೆ ಕೊಡುವವರು, ತುರ್ತು ಚಿಕಿತ್ಸೆಯ ಏರ್ಪಾಡು ಇದೆಯೇ ನೋಡು, ಮನೆಯವರನ್ನು ಕರೆದುಕೊಂಡು ಹೋಗು ಎಂದೆ.

ಮೂರು ಗಂಟೆಗೆ ಹೊರಟು ನಿಂತಳು. ಬಿಸಿಲು ಸುಡುತ್ತಿತ್ತು. ಚೀಲದಿಂದ ಒಂದು ಟ್ಯೂಬು ತೆಗೆದು ಮುಖಕ್ಕೆ, ಕತ್ತಿಗೆ, ಕೈಗಳಿಗೆ ಧಾರಾಳವಾಗಿ ಹಚ್ಚಿಕೊಂಡಳು. ಹೊರಾಂಗಣದಲ್ಲಿ ರಿಫ್ಲೆಕ್ಟರು ಹಿಡಿದರೆ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದಂತೆ. ಇಂದು ಮುಖ ಕಂದಿದರೆ, ಹೋದ ವಾರ ಮನೆಯೊಳಗೆ ತೆಗೆದ ದೃಶ್ಯಕ್ಕೂ ನಾಳೆ ಅಂಗಳದಲ್ಲಿ ತೆಗೆಯುವ ದೃಶ್ಯಕ್ಕೂ ಹೊಂದುವುದಿಲ್ಲ; ಅತ್ತೆ ಬಾಗಿಲು ದಾಟುವಷ್ಟರಲ್ಲಿ ಬಣ್ಣ ಬದಲಾಯಿಸಿರುತ್ತಾಳೆ! ಹಾಗಾಗಿ ಮೇಕಪ್ಪಿನ ಕೆಳಗೆ ಮೊದಲು ಇದು, ಎರಡು ಗಂಟೆಗೊಮ್ಮೆ ಮತ್ತೆ. ಟ್ಯೂಬಿನ ಮೇಲೆ ಎಸ್‌ಪಿಎಫ್ 30 ಎಂದಿತ್ತು. ಸುಡುವ ಕಿರಣಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆಂದು ಅದರ ಅರ್ಥ. ಅದೂ ಜಿಪುಣತನ ಮಾಡದೆ ದಪ್ಪಗೆ ಹಚ್ಚಿಕೊಂಡರೆ. ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ಮೊದಲ ಹೆಸರೇ ಝಿಂಕ್ ಆಕ್ಸೈಡ್. ಅಂದರೆ ಸಫೇದ! ಚೌಕಿಯಲ್ಲಿ ರಾಜವೇಷಕ್ಕೆ ಕಲಸುತ್ತಿದ್ದ, ನಾನು ಸೀತೆಗೆ ಬಳಿದ ಅದೇ ಬಿಳಿ ಪುಡಿ, ಈಗ ನುಣ್ಣಗೆ ಅರೆದು ಟ್ಯೂಬು ಸೇರಿತ್ತು.

"ನೀವೂ ಹಚ್ಚಿಕೊಳ್ಳಿ ಮೇಷ್ಟ್ರೇ, ಬಸ್‌ ನಿಲ್ದಾಣದವರೆಗೆ ಬರ್ತೀರಲ್ಲ" ಎಂದು ನನ್ನ ಅಂಗೈಗೂ ಹಿಂಡಿದಳು. ಹಚ್ಚಿಕೊಂಡೆ. ಹಿಂದಿರುಗಿದಾಗ ನನ್ನ ಹೆಂಡತಿ ನೋಡಿ, ಹುಬ್ಬಿನ ತುಂಬ ಬಿಳಿ ಮೆತ್ತಿಕೊಂಡು ಯಾವ ವೇಷ ಹಾಕಿದ್ದೀರಿ ಎಂದು ಕೇಳಿದಳು.

ಧಾರಾವಾಹಿ ನೋಡುವ ಚಟ ನನಗಿರಲಿಲ್ಲ. ಈಗ ಸಂಜೆ ಅದು ಬರುವ ಹೊತ್ತಿಗೆ ತಪ್ಪದೆ ಕುಳಿತುಕೊಳ್ಳುತ್ತೇನೆ. ಕಥೆ ಏನೆಂದು ಈವರೆಗೂ ಅರ್ಥವಾಗಿಲ್ಲ. ಅತ್ತೆ ಬಂದಾಗ ಮಾತ್ರ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗುತ್ತೇನೆ. ನಿನ್ನೆಯವರೆಗೆ ಮೂಗು ಇದ್ದಂತೆಯೇ ಇತ್ತು.